ಸೈಕಲ್ ಅಂಗಡಿ ಬೋರ್ಡಿಗೆ ರಾಕ್‌ವೆಲ್ ಬೋಲ್ಡ್ ಇಟಾಲಿಕ್ ಹೊಂದುತ್ತಾ?

ಧಾರವಾಡ_ಡಿಸೈನ್:

ಎಲ್ಲರಿಗೂ ನಮಸ್ಕಾರ. ಒಂದು ಸೈಕಲ್ ಅಂಗಡಿಯ ಕೆಲಸ ಕೈಗೆ ಬಂದಿದೆ. ಬೋರ್ಡ್, ಬಿಲ್ ಪುಸ್ತಕ, ಅಂಗಡಿ ಹುಡುಗರಿಗೆ ಟಿ-ಶರ್ಟ್, ಒಂದು ಪುಟದ ಪಾಂಪ್ಲೆಟ್. ಮಾಲೀಕರು ತಮ್ಮ ಕಂಪ್ಯೂಟರಿನಲ್ಲಿ ವರ್ಡ್ ತೆರೆದು, ಅಂಗಡಿ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ರಾಕ್‌ವೆಲ್ ಫಾಂಟ್ ಹಾಕಿ, ಬೋಲ್ಡ್ ಮತ್ತು ಇಟಾಲಿಕ್ ಎರಡೂ ಒತ್ತಿ ತೋರಿಸಿದರು. "ಇದೇ ಬೇಕ್ರೀ, ಸೈಕಲ್ ಓಡಿದಂಗ ಕಾಣ್ತದ" ಅಂದರು.

ನೋಡಿದರೆ ನನಗೂ ಹಿಡಿಸಿತು. ಅಕ್ಷರದ ಬುಡದಲ್ಲಿ ದಪ್ಪ ಪಟ್ಟಿ ಇದೆ. ಹಾಗಾಗಿ ನೆಲಕ್ಕೆ ಅಂಟಿಕೊಂಡಿದೆ. ಮೈ ಮಾತ್ರ ಮುಂದಕ್ಕೆ ವಾಲಿದೆ. ದೊಡ್ಡದಾಗಿ ಇಟ್ಟಾಗ ಚೆನ್ನಾಗಿದೆ. ಆದರೆ ಅದನ್ನೇ 9 ಪಾಯಿಂಟಿಗೆ ಇಳಿಸಿ ಬಿಲ್ಲಿನಲ್ಲಿ ಹಾಕಿದರೆ ಎಲ್ಲಾ ಒಂದೇ ಕಪ್ಪು ಮುದ್ದೆ.

ಕನ್ನಡ ಹೆಸರು ಮೇಲೆ, ದೊಡ್ಡದಾಗಿ ಬರುತ್ತದೆ. 2024ರ ತಿದ್ದುಪಡಿ ಕಾಯ್ದೆ ಪ್ರಕಾರ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್ ಹೆಸರು ಅದರ ಕೆಳಗೆ.

ಈ ಅಕ್ಷರದ ಸ್ವಭಾವ ಏನು, ಎಲ್ಲಿ ಹಾಕಿದರೆ ಒಪ್ಪುತ್ತದೆ, ಎಲ್ಲಿ ಬೇಡ, ಇದು ನನ್ನ ಪ್ರಶ್ನೆ. ಕನ್ನಡವನ್ನೂ ಹಾಗೇ ಓರೆ ಮಾಡಬೇಕಾ? ಪಾಂಪ್ಲೆಟ್ ಪೂರ್ತಿ ಇದರಲ್ಲೇ ಇರಲಿ ಅಂತಾನೂ ಮಾಲೀಕರು ಹೇಳ್ತಿದ್ದಾರೆ. ಅವರಿಗೆ ಏನು ಹೇಳಲಿ?

ಮೊಳೆ_ಕಾಲದವ:

ತಮ್ಮಾ, ಈ ಅಕ್ಷರ ಎಲ್ಲಿ ಹುಟ್ಟಿತು ಅಂತ ಗೊತ್ತಾದರೆ ಎಲ್ಲಿ ಹಾಕಬೇಕು ಅನ್ನೋದು ಅರ್ಧ ಗೊತ್ತಾದಂತೆ.

ತುದಿಯಲ್ಲಿ ದಪ್ಪ ಅಡ್ಡಪಟ್ಟಿ ಇರುವ ಈ ಜಾತಿಯ ಅಕ್ಷರಕ್ಕೆ ಸ್ಲ್ಯಾಬ್ ಸೆರಿಫ್ ಅನ್ನುತ್ತಾರೆ. ಅದು ಹುಟ್ಟಿದ್ದು ಪುಸ್ತಕಕ್ಕಲ್ಲ, ಗೋಡೆಗೆ. 19ನೇ ಶತಮಾನದ ಶುರುವಿನ ಲಂಡನ್. ನಾಟಕ, ಲಾಟರಿ, ಹರಾಜು ಎಲ್ಲದಕ್ಕೂ ಭಿತ್ತಿಪತ್ರ. ಆಗ ಫ್ಯಾಶನ್ನಿನಲ್ಲಿದ್ದ ಪುಸ್ತಕದ ಅಕ್ಷರಗಳಲ್ಲಿ ಒಂದು ಗೆರೆ ದಪ್ಪ, ಇನ್ನೊಂದು ಕೂದಲಿನಷ್ಟು ತೆಳು. ಅಂಥದ್ದನ್ನು ಹಿಗ್ಗಿಸಿ ಗೋಡೆಗೆ ಅಂಟಿಸಿದರೆ ದೂರದಿಂದ ತೆಳು ಗೆರೆ ಕಾಣುವುದೇ ಇಲ್ಲ. ವಿನ್ಸೆಂಟ್ ಫಿಗಿನ್ಸ್ ಎಂಬ ಲಂಡನ್ನಿನ ಅಚ್ಚುಮೊಳೆ ಎರಕದವರು 1815-17ರ ಹೊತ್ತಿಗೆ ತಮ್ಮ ನಮೂನೆ ಪುಸ್ತಕದಲ್ಲಿ ‘ಆಂಟಿಕ್’ ಅಂತ ಹೊಸ ಅಕ್ಷರ ತೋರಿಸಿದರು. ತುದಿಯ ಅಡ್ಡಪಟ್ಟಿಯೂ ನಿಲುವುಗೆರೆಯಷ್ಟೇ ದಪ್ಪ. ತೆಳು ಗೆರೆ ಅನ್ನೋದೇ ಇಲ್ಲ. ಕುಸ್ತಿ ಪೈಲ್ವಾನರು ಕಾಲು ಅಗಲಿಸಿ ನಿಂತ ಹಾಗೆ ಒಂದೊಂದು ಅಕ್ಷರ ನಿಂತಿತ್ತು.

ಬೋಲ್ಡ್‌ನ ಕತೆ ಬೇರೆ. ಸಾಮಾನ್ಯ ಅಕ್ಷರದ ಪಕ್ಕದಲ್ಲಿ, ಅದೇ ಸಾಲಿನಲ್ಲಿ, ಅದರದೇ ಜೋಡಿಯಾಗಿ ದಪ್ಪ ಅಕ್ಷರ ಇಡುವ ಪದ್ಧತಿ ಬಹಳ ಹಳೆಯದೇನಲ್ಲ. ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಬೆಸ್ಲಿ 1845ರಲ್ಲಿ ‘ಕ್ಲಾರೆಂಡನ್’ ತಂದರು. ಕೆತ್ತಿದವರು ಬೆಂಜಮಿನ್ ಫಾಕ್ಸ್. ನಿಘಂಟಿನಲ್ಲಿ ತಲೆಪದ ಎದ್ದು ಕಾಣಬೇಕು, ಅರ್ಥ ಸಣ್ಣಗೆ ಇರಬೇಕು, ಎರಡೂ ಒಂದೇ ಸಾಲಿನಲ್ಲಿ ಕೂರಬೇಕು. ಅಂಥ ಕೆಲಸಕ್ಕೆ ಹೇಳಿ ಮಾಡಿಸಿದ ಅಕ್ಷರ ಅದು. ಬೆಸ್ಲಿ ಅದನ್ನು ಕಾನೂನಿನಡಿ ನೋಂದಾಯಿಸಿದ್ದರು. ರಕ್ಷಣೆ ಇದ್ದದ್ದು ಬರೀ 3 ವರ್ಷ. ಅವಧಿ ಮುಗಿದದ್ದೇ ತಡ, ಬೇರೆ ಫೌಂಡ್ರಿಗಳೂ ಅಂಥದ್ದನ್ನೇ ಎರಕ ಹೊಯ್ದವು. ನಾವು ದಿನಾ ಒತ್ತುವ ಬೋಲ್ಡ್ ಬಟನ್ನಿನ ಹಿಂದೆ ಇರುವುದು ಇದೇ ಸ್ಲ್ಯಾಬ್ ಸೆರಿಫ್.

ಇಟಾಲಿಕ್ ಇವೆರಡಕ್ಕಿಂತ 300 ವರ್ಷ ಹಿರಿಯದು. ವೆನಿಸ್‌ನ ಆಲ್ಡಸ್ ಮನೂಷಿಯಸ್ 1501ರಲ್ಲಿ ಇಡೀ ಪುಸ್ತಕವನ್ನೇ ಅದರಲ್ಲಿ ಅಚ್ಚು ಮಾಡಿದರು. ಮೊಳೆ ಕೆತ್ತಿದವರು ಫ್ರಾಂಚೆಸ್ಕೊ ಗ್ರಿಫೊ. ಅದು ಕೈಬರಹದ ವಂಶ. ವೇಗವಾಗಿ ಬರೆಯುವ ಕೈ ವಾಲುತ್ತದೆ, ಅಕ್ಷರ ಕಿರಿದಾಗುತ್ತದೆ.

ಈಗ ನಿಮ್ಮ ರಾಕ್‌ವೆಲ್ ಬೋಲ್ಡ್ ಇಟಾಲಿಕ್ ನೋಡಿ. ಗೋಡೆಗೆ ಹುಟ್ಟಿದ ಆಕಾರ, ಎತ್ತಿ ತೋರಿಸಲು ಹುಟ್ಟಿದ ದಪ್ಪ, ಕೈಬರಹದ ಓರೆ, ಮೂರೂ ಒಂದರಲ್ಲೇ ಇವೆ. ಮೂರೂ ನೋಡುವವರ ಗಮನ ಕೇಳುತ್ತವೆ. ಅದಕ್ಕೇ ಎರಡು ಮೂರು ಪದಕ್ಕೆ ಇದು ಸೊಗಸು, ಒಂದು ಪ್ಯಾರಾಕ್ಕೆ ಹಿಂಸೆ. ಪಾಂಪ್ಲೆಟ್ಟಿಗೆ ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಡಿ.

ಅಕ್ಷರ_ಕೆತ್ತನೆ:

ರಾಯರು ಹುಟ್ಟಿನ ವಿಷಯ ಹೇಳಿದರು. ನಾನು ಫಾಂಟ್ ಬಿಡಿಸುವವಳು, ಬಿಡಿಸುವ ಕಡೆಯಿಂದ ಹೇಳ್ತೀನಿ.

ರಾಕ್‌ವೆಲ್ ಮಾನೋಟೈಪ್ ಕಂಪನಿಯದು, 1934. ಇಂಗ್ಲೆಂಡಿನ ಸಾಲ್ಫರ್ಡ್ಸ್‌ನಲ್ಲಿದ್ದ ಅವರ ಕಾರ್ಖಾನೆಯಲ್ಲಿ ಫ್ರಾಂಕ್ ಹಿನ್ಮನ್ ಪಿಯರ್‌ಪಾಂಟ್ ಉಸ್ತುವಾರಿಯಲ್ಲಿ ತಯಾರಾಯಿತು. ಆ ಕಾಲಕ್ಕೆ ಯುರೋಪಿನಲ್ಲಿ ಕೈವಾರ, ಸ್ಕೇಲ್ ಹಿಡಿದು ಬಿಡಿಸಿದಂಥ ಅಕ್ಷರಗಳದೇ ಹವಾ. 1927ರಲ್ಲಿ ಫ್ಯೂಚುರಾ ಬಂದಿತ್ತು. ಅದೇ ಜ್ಯಾಮಿತಿಗೆ ದಪ್ಪ ಪಟ್ಟಿ ಸೇರಿಸಿ ಜರ್ಮನಿಯಲ್ಲಿ ರುಡಾಲ್ಫ್ ವೋಲ್ಫ್ 1929ರಲ್ಲಿ ಮೆಂಫಿಸ್ ಮಾಡಿದರು. ಗೇಯಾರ್ಗ್ ಟ್ರಂಪ್ 1930ರಲ್ಲಿ ಸಿಟಿ ಮಾಡಿದರು. ರಾಕ್‌ವೆಲ್ ಇದೇ ಬಳಗದ್ದು. ದೊಡ್ಡ ‘ಎ’ (A) ಅಕ್ಷರದ ನೆತ್ತಿ ನೋಡಿ, ಅಲ್ಲೂ ಒಂದು ಪಟ್ಟಿ ಕೂತಿದೆ. ರಾಕ್‌ವೆಲ್ ಗುರುತು ಹಿಡಿಯುವುದು ಅದರಿಂದಲೇ.

ಕ್ಲಾರೆಂಡನ್‌ನಲ್ಲಿ ಪಟ್ಟಿ ನಿಲುವುಗೆರೆಗೆ ಸೇರುವ ಕಡೆ ಸಣ್ಣ ಬಾಗು ಇರುತ್ತದೆ. ರಾಕ್‌ವೆಲ್‌ನಲ್ಲಿ ಆ ಬಾಗು ಇಲ್ಲ. ಗೆರೆ ಬಂತು, ಪಟ್ಟಿ ಬಂತು, ನೇರ ಮೂಲೆ, ಮುಗೀತು. ನೆಟ್ಟಗೆ ನಿಂತಾಗ ಆ ಮೂಲೆ ಎರಡೂ ಕಡೆ 90 ಡಿಗ್ರಿ. ಅಕ್ಷರವನ್ನು ವಾಲಿಸಿದ ತಕ್ಷಣ ಒಂದು ಕಡೆ ಮೂಲೆ ಕಿರಿದಾಗುತ್ತದೆ, ಇನ್ನೊಂದು ಕಡೆ ಅಗಲವಾಗುತ್ತದೆ. ಕಿರಿದಾದ ಮೂಲೆಯಲ್ಲಿ ಕಪ್ಪು ಕಟ್ಟಿಕೊಳ್ಳುತ್ತದೆ. ಬೋಲ್ಡ್ ಆದರೆ ಇನ್ನೂ ಜಾಸ್ತಿ. 9 ಪಾಯಿಂಟಿನಲ್ಲಿ ನಿಮಗೆ ಕಂಡ ಮುದ್ದೆ ಇದೇ.

ಇನ್ನೊಂದು ಸಂಗತಿ. ಇಂಗ್ಲಿಷಿನ ಒಂದು ‘ಓ’ (O) ಅಕ್ಷರವನ್ನು ಯಂತ್ರದಲ್ಲಿ ಸುಮ್ನೆ ಬಲಕ್ಕೆ ವಾಲಿಸಿ ನೋಡಿ. ಮೇಲೆ ಬಲಗಡೆ, ಕೆಳಗೆ ಎಡಗಡೆ ಗೆರೆ ದಪ್ಪವಾಗುತ್ತದೆ. ಮೇಲೆ ಎಡಗಡೆ, ಕೆಳಗೆ ಬಲಗಡೆ ತೆಳುವಾಗುತ್ತದೆ. ಉಂಗುರ ಹೋಗಿ ಮೊಟ್ಟೆಯನ್ನು ಹಿಡಿದು ಎಳೆದಂತಿರುತ್ತದೆ. ಸರಿಯಾಗಿ ಬಿಡಿಸಿದ ಇಟಾಲಿಕ್‌ನಲ್ಲಿ ಈ ದಪ್ಪ-ತೆಳುವನ್ನು ಕೈಯಿಂದ ತಿದ್ದಿರುತ್ತಾರೆ. ಹಾಗಾಗಿ ಫಾಂಟ್ ಪಟ್ಟಿಯಲ್ಲಿ ‘ಬೋಲ್ಡ್ ಇಟಾಲಿಕ್’ ಅಂತ ಬೇರೆ ಫೈಲ್ ಇದೆಯಾ ಅಂತ ಮೊದಲು ನೋಡಬೇಕು. ಆಫೀಸ್ ಜೊತೆ ಬರುವ ರಾಕ್‌ವೆಲ್‌ಗೆ ಇದೆ. ಆದರೆ ರಾಕ್‌ವೆಲ್ ಎಕ್ಸ್‌ಟ್ರಾ ಬೋಲ್ಡ್‌ಗೆ ಇಲ್ಲ. ಅದಕ್ಕೆ ಇಟಾಲಿಕ್ ಬಟನ್ ಒತ್ತಿದರೆ ವರ್ಡ್ ತಾನೇ ಎಳೆದು ವಾಲಿಸುತ್ತದೆ. ನಿಮ್ಮ ಮಾಲೀಕರು ತೋರಿಸಿದ್ದು ಯಾವುದು, ಒಮ್ಮೆ ವಿಚಾರಿಸಿ.

ಡೆನ್ವರ್_ಕನ್ನಡಿಗ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಸ್ಲ್ಯಾಬ್ ಸೆರಿಫ್‌ನ ಚೆಲುವೇ ಅದು ಗಟ್ಟಿಯಾಗಿ ನಿಲ್ಲುವುದರಲ್ಲಿದೆ. ಅದನ್ನು ಯಾಕೆ ಓರೆ ಮಾಡಬೇಕು?

ಇಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಕಂದು ಬಣ್ಣದ ಬೋರ್ಡಿನ ಮೇಲೆ ಬಿಳಿ ಅಕ್ಷರ. ವರ್ಷಾನುಗಟ್ಟಲೆ ಅದಕ್ಕೆ ಕ್ಲಾರೆಂಡನ್ ಬಳಸಿದ್ದಾರೆ. ಎಲ್ಲಾ ನೆಟ್ಟಗೆ. ಬೆಟ್ಟದ ತಿರುವಿನಲ್ಲಿ ಆ ಬೋರ್ಡ್ ಕಂಡರೆ ಇಲ್ಲಿ ಯಾರೋ ಜವಾಬ್ದಾರಿಯವರಿದ್ದಾರೆ ಅನ್ನೋ ಧೈರ್ಯ ಬರುತ್ತದೆ. ಹೋಂಡಾ ಹೆಸರು ನೋಡಿ, ಸೋನಿ ನೋಡಿ. ಅಗಲವಾದ ಸ್ಲ್ಯಾಬ್ ಅಕ್ಷರ, ನೆಟ್ಟಗೆ ನಿಂತಿದೆ. ಪಾಲ್ ರ‍್ಯಾಂಡ್ 1956ರಲ್ಲಿ ಐಬಿಎಂಗೆ ಮಾಡಿದ ಲೋಗೋ ಕೂಡ ಹಾಗೇ. ಅದರ ಮೂಲ ಮೇಲೆ ಮೇಡಂ ಹೇಳಿದ ಸಿಟಿ ಅಕ್ಷರವೇ. ಇವರ‍್ಯಾರಿಗೂ ವಾಲಿಸಬೇಕು ಅನ್ನಿಸಲಿಲ್ಲ.

ಹೋಂಡಾದವರು ಕಾರು, ಬೈಕು ಮಾಡುವವರು. ಓಡುವ ವಸ್ತುವಿಗೆ ಓಡುವ ಅಕ್ಷರವೇ ಬೇಕು ಅಂತೇನಿಲ್ಲ. ಸೈಕಲ್ ಅಂಗಡಿಗೆ ಜನ ಬರುವುದು ರಿಪೇರಿಗೆ, ನಂಬಿಕೆಗೆ. ರಾಕ್‌ವೆಲ್ ಬೋಲ್ಡ್ ನೆಟ್ಟಗೇ ಇರಲಿ ಅಂತ ನನ್ನ ಮತ.

ಅಕ್ಷರ_ಕೆತ್ತನೆ:

ಡೆನ್ವರ್ ಸರ್, ದಾರಿ ತೋರಿಸುವ ಬೋರ್ಡಿಗೆ ನೆಟ್ಟಗಿನ ಅಕ್ಷರವೇ ಸರಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಲ್ಯಾಬ್‌ಗೆ ಓರೆ ಒಗ್ಗುವುದಿಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಒಗ್ಗಿಸಲು ಕೆಲಸ ಮಾಡಬೇಕು ಅಷ್ಟೆ. ಆ ಕೆಲಸವನ್ನು ತುಂಬಾ ಕಾಲ ಯಾರೂ ಮನಸ್ಸಿಟ್ಟು ಮಾಡಲಿಲ್ಲ.

ಓರೆ ಸ್ಲ್ಯಾಬ್‌ನಲ್ಲಿ ಎರಡು ಜಾತಿ. ರಾಕ್‌ವೆಲ್‌ನದು ನೆಟ್ಟಗಿನ ಅಕ್ಷರವೇ ವಾಲಿದ್ದು. ಸಣ್ಣ ‘ಎ’ಗೆ (a) ಕೆಳಗೆ ಹೊಟ್ಟೆ, ಮೇಲೆ ಬಾಗು ಅಂತ ಎರಡು ಅಂತಸ್ತು ಹಾಗೇ ಉಳಿದಿದೆ, ಪಾದದ ಎರಡೂ ಬದಿಗೆ ಪಟ್ಟಿ ಹಾಗೇ ಉಳಿದಿದೆ. ಇನ್ನೊಂದು ಜಾತಿ ನಿಜವಾದ ಇಟಾಲಿಕ್. ಪೀಟರ್ ಮಥಿಯಾಸ್ ನೋರ್ಡ್ಜಿ ಮಾಡಿದ ಸಿಸಿಲಿಯಾ, 1990ರದು, ಬಿಡಿಸಿ ನೋಡಿ. ಪೆನ್ನು ಅಕ್ಷರದೊಳಕ್ಕೆ ಬರುವ ಕಡೆ ಒಂದು ಪಟ್ಟಿ, ಹೊರಗೆ ಹೋಗುವ ಕಡೆ ಒಂದು ಪಟ್ಟಿ. ನಡುವಿನ ಪಾದಗಳಲ್ಲಿ ಪಟ್ಟಿ ಇಲ್ಲ. ಅಂದರೆ ಕೈಬರಹದ ಚಲನೆಯನ್ನು ಇಟ್ಟುಕೊಂಡು ಅದರ ತುದಿಗಳಿಗೆ ಮಾತ್ರ ಸ್ಲ್ಯಾಬ್ ತೊಡಿಸಿದ್ದಾರೆ. ಆಗ ಕಿರಿದಾದ ಮೂಲೆಗಳು ಅರ್ಧಕ್ಕರ್ಧ ಕಮ್ಮಿ. ಕಪ್ಪು ಕಟ್ಟುವುದೂ ಕಮ್ಮಿ. ಅಕ್ಷರಗಳು ಒತ್ತೊತ್ತಾಗಿ ಕೂರುತ್ತವೆ. ಇ-ಪುಸ್ತಕ ಓದುವ ಹಳೆಯ ಕಿಂಡಲ್ ಸಾಧನ ಇಟ್ಟುಕೊಂಡವರು ಸಿಸಿಲಿಯಾ ಓದಿಯೇ ಇರುತ್ತೀರಿ, ಅದರ ಹೆಸರು ಗೊತ್ತಿಲ್ಲದಿದ್ದರೂ. ಬೂದು ಪರದೆಯ ಮೇಲೆ ತೆಳು ಗೆರೆ ಮಾಸಿಹೋಗುತ್ತದೆ, ಸ್ಲ್ಯಾಬ್ ಮಾಸುವುದಿಲ್ಲ.

ಕ್ಲಾರೆಂಡನ್‌ಗೆ ನೂರು ವರ್ಷ ಮೀರಿದರೂ ಒಪ್ಪುವಂಥ ಇಟಾಲಿಕ್ ಇರಲಿಲ್ಲ. 2009ರಲ್ಲಿ ಹಾಫ್ಲರ್ ಮತ್ತು ಫ್ರಿಯರ್ ಜೋನ್ಸ್ ಅವರು ಸೆಂಟಿನೆಲ್ ತಂದದ್ದು ಮುಖ್ಯವಾಗಿ ಆ ಕೊರತೆ ನೀಗಿಸಲು. ಅದಕ್ಕೂ ಮುಂಚೆ 2005ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಹೊಸ ರೂಪ ತಳೆದಾಗ ಪಾಲ್ ಬಾರ್ನ್ಸ್ ಮತ್ತು ಕ್ರಿಶ್ಚಿಯನ್ ಶ್ವಾರ್ಟ್ಸ್ ಗಾರ್ಡಿಯನ್ ಈಜಿಪ್ಷಿಯನ್ ಅಂತ ಒಂದು ಕುಟುಂಬವನ್ನೇ ಮಾಡಿಕೊಟ್ಟರು. ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ, ಪ್ರತಿಯೊಂದಕ್ಕೂ ಇಟಾಲಿಕ್. ಸುದ್ದಿಯ ತಲೆಬರಹ ನೆಟ್ಟಗೆ, ಅಭಿಪ್ರಾಯದ ತಲೆಬರಹ ಓರೆ, ಇಂಥ ವ್ಯತ್ಯಾಸ ತೋರಿಸಲು ಒಂದೇ ಮನೆತನದ ಅಕ್ಷರ ಸಾಕಾಗುತ್ತದೆ. ಬೋಲ್ಡ್ ಇಟಾಲಿಕ್ ಸ್ಲ್ಯಾಬ್‌ನ ಒಳ್ಳೆಯ ಉಪಯೋಗಗಳಲ್ಲಿ ಇದನ್ನು ನಾನು ಮೊದಲಿಗೆ ಇಡ್ತೀನಿ. ಪುಟದಲ್ಲಿ ದನಿ ಬದಲಾಯಿತು ಅಂತ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನು ಸೈಕಲ್ ಅಂಗಡಿ. ಆ ಬೋರ್ಡಿನ ಮೇಲೆ ಇಂಗ್ಲಿಷ್ ಎರಡೇ ಪದ. ಅಷ್ಟಕ್ಕೆ ರಾಕ್‌ವೆಲ್ ಬೋಲ್ಡ್ ಇಟಾಲಿಕ್ ಹಾಕಲು ನನ್ನದೇನೂ ಅಡ್ಡಿ ಇಲ್ಲ. ಮಾಲೀಕರ ಕಣ್ಣು ಸರಿಯಾಗಿಯೇ ಇದೆ.

ವೆಬ್_ಹುಬ್ಬಳ್ಳಿ:

ಧಾರವಾಡದ ಅಣ್ಣಾ, ಅಂಗಡಿಗೆ ವೆಬ್‌ಸೈಟೂ ಮಾಡ್ತೀರಾದರೆ ಇದನ್ನು ಓದಿ. ದುಡ್ಡು ಕೊಡಬಾರದು ಅಂತ ತುಂಬಾ ಜನ ರಾಕ್‌ವೆಲ್ ಬದಲು ಗೂಗಲ್‌ನ ರೊಬೊಟೊ ಸ್ಲ್ಯಾಬ್ ಹಾಕುತ್ತಾರೆ. ಅದಕ್ಕೆ ಇಟಾಲಿಕ್ ಇಲ್ಲವೇ ಇಲ್ಲ. ತೆಳುವಿನಿಂದ ದಪ್ಪದವರೆಗೆ ಎಲ್ಲಾ ಇದೆ, ಓರೆ ಮಾತ್ರ ಇಲ್ಲ. ನೀವು ಇಟಾಲಿಕ್ ಕೇಳಿದರೆ ಬ್ರೌಸರ್ ತಾನೇ ವಾಲಿಸಿ ತೋರಿಸುತ್ತದೆ. ಸಿಎಸ್‌ಎಸ್ (ವೆಬ್ ಪುಟದ ರೂಪ ಹೇಳುವ ಭಾಷೆ) ನಿಯಮದಲ್ಲಿ ಕೋನ ಹೇಳದೆ ಓರೆ ಅಂದರೆ 14 ಡಿಗ್ರಿ ಅಂತ ಇದೆ. ಸ್ಲ್ಯಾಬ್‌ಗೆ ಅದು ಸಿಕ್ಕಾಪಟ್ಟೆ ಆಯ್ತು. ಮೇಡಂ ಹೇಳಿದ ಎಳೆದ ಮೊಟ್ಟೆ ಪರದೆ ತುಂಬಾ ಕಾಣುತ್ತದೆ.

ಬ್ರೌಸರ್ ಹಾಗೆ ಮಾಡದಂತೆ ತಡೆಯಲು ಸಿಎಸ್‌ಎಸ್‌ನಲ್ಲಿ ‘ಫಾಂಟ್-ಸಿಂಥೆಸಿಸ್’ (font-synthesis) ಅನ್ನೋ ಗುಣಕ್ಕೆ ‘ನನ್’ (none) ಅಂತ ಕೊಡಿ. ನಿಜವಾದ ಬೋಲ್ಡ್ ಇಟಾಲಿಕ್ ಇರುವ ಉಚಿತ ಸ್ಲ್ಯಾಬ್ ಬೇಕಾದರೆ ಮೊಜಿಲ್ಲಾದವರಿಗಾಗಿ ಟೈಪೋಥೆಕ್‌ನವರು 2017ರಲ್ಲಿ ಮಾಡಿದ ಜಿಲ್ಲಾ ಸ್ಲ್ಯಾಬ್ ಇದೆ. ಆರ್ವೊ ಇದೆ, ಬಿಟರ್ ಇದೆ. ಸಣ್ಣ ಅಳತೆಗೆ ಬಿಟರ್ ನನಗೆ ತುಂಬಾ ಇಷ್ಟ, ಪರದೆಯ ಮೇಲೆ ಓದಲೆಂದೇ ಮಾಡಿದ್ದು.

ಬೋರ್ಡ್_ಕೆಲಸ:

ಇಪ್ಪತ್ತು ಮಾತಾಡಿದಿರಿ, ಬೋರ್ಡ್ ಹೇಗೆ ಮಾಡ್ತೀರಿ ಅಂತ ಯಾರೂ ಕೇಳಲಿಲ್ಲ. ಫ್ಲೆಕ್ಸಾ, ಪೇಂಟಾ, ಅಕ್ರಿಲಿಕ್ ಅಕ್ಷರ ಕತ್ತರಿಸಿ ಒಳಗೆ ಎಲ್‌ಇಡಿ ಇಡೋದಾ? ಫಾಂಟ್ ಯಾವುದು ಅನ್ನೋದು ಅದರ ಮೇಲೆ ಹೋಗುತ್ತದೆ.

ಎಲ್‌ಇಡಿ ಅಕ್ಷರಕ್ಕೆ ಸ್ಲ್ಯಾಬ್ ಬೋಲ್ಡ್ ಒಳ್ಳೆಯ ಆಯ್ಕೆ. ಯಾವ ಕಡೆಯೂ ತೆಳು ಗೆರೆ ಇಲ್ಲ. ಅಕ್ಷರದ ಎಲ್ಲಾ ಭಾಗದಲ್ಲೂ ಲೈಟ್ ಕೂರಲು ಜಾಗ ಸಿಗುತ್ತದೆ. ತೆಳು ತುದಿಯ ಫಾಂಟ್ ಕೊಟ್ಟವರ ಬೋರ್ಡಿನಲ್ಲಿ ಅಕ್ಷರದ ಹೊಟ್ಟೆ ಬೆಳಗುತ್ತದೆ, ತುದಿ ಕತ್ತಲು.

ತೊಂದರೆ ಇರುವುದು ಒಳಮೂಲೆಯಲ್ಲಿ. ರೂಟರ್ ಮಷಿನ್ನಿನಲ್ಲಿ ಕತ್ತರಿಸುವಾಗ ಅದರ ಬಿಟ್ (ಕೊರೆಯುವ ಮೊನೆ) ದುಂಡಗೆ ತಿರುಗುತ್ತದೆ. ಬಿಟ್‌ನ ದಪ್ಪ ಎಷ್ಟೋ ಒಳಮೂಲೆ ಅಷ್ಟು ದುಂಡಗಾಗುತ್ತದೆ. ರಾಕ್‌ವೆಲ್ ಓರೆಯಲ್ಲಿ ಒಂದು ಕಡೆ ಮೂಲೆ ಕಿರಿದು, ಅಲ್ಲಿ ಬಿಟ್ ಒಳಗೆ ಹೋಗುವುದೇ ಇಲ್ಲ. ಪಟ್ಟಿಯ ಎಡಕ್ಕೊಂದು ಥರ, ಬಲಕ್ಕೊಂದು ಥರ ಕಾಣುತ್ತದೆ. ಕ್ಲಾರೆಂಡನ್ ಥರದ್ದಾದರೆ ಮೂಲೆಯಲ್ಲಿ ಮೊದಲೇ ಬಾಗು ಇದೆ, ಬಿಟ್‌ಗೆ ಸಲೀಸು. ರಾಕ್‌ವೆಲ್ಲೇ ಬೇಕಾದರೆ ಲೇಸರ್‌ನಲ್ಲಿ ಕತ್ತರಿಸಿ. ಲೇಸರ್ ಗೆರೆ ಸಣ್ಣದು, ಮೂಲೆ ಚೂಪಾಗಿ ಬರುತ್ತದೆ.

ಇನ್ನೊಂದು ಮಾತು, ರಾತ್ರಿ ಬೆಳಗುವ ಅಕ್ಷರ ಹಗಲಿಗಿಂತ ದಪ್ಪ ಕಾಣುತ್ತದೆ. ಬೆಳಕು ಹರಡಿಕೊಂಡು ಇಂಗ್ಲಿಷಿನ ‘ಇ’ (e), ‘ಎ’ (a) ಅಕ್ಷರಗಳ ಒಳಗಿನ ಸಂದು ಮುಚ್ಚಿಬಿಡುತ್ತದೆ. ಬೋಲ್ಡ್ ಇಟಾಲಿಕ್ ಆದರೆ ಅಕ್ಷರಗಳ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಡಿ. ಕಂಪ್ಯೂಟರಿನಲ್ಲಿ ಸಡಿಲ ಅನ್ನಿಸಿದರೂ ಪರವಾಗಿಲ್ಲ. ರಸ್ತೆ ಆಚೆ ಬದಿಯಿಂದ ಸರಿ ಕಾಣುತ್ತದೆ. ಸ್ಲ್ಯಾಬ್‌ನಲ್ಲಿ ಪಕ್ಕದ ಪಕ್ಕದ ಅಕ್ಷರಗಳ ಪಟ್ಟಿಗಳು ಮುಟ್ಟಿಕೊಂಡರೆ ಬುಡದಲ್ಲಿ ಒಂದು ಉದ್ದ ಗೆರೆ ಎಳೆದಂತಾಗುತ್ತದೆ. ಓದುವುದು ಕಷ್ಟ.

ಧಾರವಾಡ_ಡಿಸೈನ್:

ಭಾಳ ಛಲೋ ಮಾಹಿತಿ ಕೊಟ್ಟಿರಿ ಎಲ್ಲರೂ. ಬೋರ್ಡ್ ಅಕ್ರಿಲಿಕ್, ಒಳಗೆ ಎಲ್‌ಇಡಿ. ಫೈಲ್ ನೋಡಿದೆ, ಮಾಲೀಕರದು ರಾಕ್‌ವೆಲ್‌ನ ಸ್ವಂತ ಬೋಲ್ಡ್ ಇಟಾಲಿಕ್ಕೇ. ಎಳೆದು ವಾಲಿಸಿದ್ದಲ್ಲ.

ಕನ್ನಡದ ವಿಷಯ ಇನ್ನೂ ಉಳಿದಿದೆ. ಇಂಗ್ಲಿಷ್ ವಾಲಿ ಕನ್ನಡ ನೆಟ್ಟಗಿದ್ದರೆ ಎರಡು ಬೇರೆ ಬೇರೆ ಅಂಗಡಿಯ ಬೋರ್ಡ್ ಥರ ಕಾಣಲ್ವಾ? ಅದಕ್ಕೆ ಕೋರಲ್‌ಡ್ರಾದಲ್ಲಿ ಕನ್ನಡವನ್ನೂ 12 ಡಿಗ್ರಿ ವಾಲಿಸಿ ಇಟ್ಟಿದ್ದೇನೆ. ‘ಸೈಕಲ್’ ಪರವಾಗಿಲ್ಲ. ಕೆಳಗಿನ ಸಾಲಿನಲ್ಲಿ ‘ದುರಸ್ತಿ’, ‘ಬಿಡಿಭಾಗ’ ಅಂತ ಇದೆ. ‘ಸ್ತಿ’ ಏನೋ ಸರಿ ಕಾಣ್ತಿಲ್ಲ.

ಅಕ್ಷರ_ಕೆತ್ತನೆ:

ಆ ‘ಸ್ತಿ’ಯನ್ನೇ ದೊಡ್ಡದು ಮಾಡಿ ನೋಡಿ, ಕಾರಣ ಅಲ್ಲೇ ಸಿಗುತ್ತದೆ. ವಾಲಿಸುವಾಗ ಸಾಲಿನ ಗೆರೆ ಇದ್ದಲ್ಲೇ ಇರುತ್ತದೆ. ಗೆರೆಯ ಮೇಲಿನದೆಲ್ಲ ಬಲಕ್ಕೆ ಸರಿಯುತ್ತದೆ. ಗೆರೆಯ ಕೆಳಗಿನದೆಲ್ಲ ಎಡಕ್ಕೆ ಸರಿಯುತ್ತದೆ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಜಿ, ವೈ ಥರದ ಕೆಲವೇ ಬಾಲ. ಕನ್ನಡದಲ್ಲಿ ಹಾಗಲ್ಲ, ಒತ್ತಕ್ಷರ ಅನ್ನೋದು ಕೆಳಗಡೆ ಇನ್ನೊಂದು ಅಕ್ಷರವೇ. ‘ಸ್ತಿ’ಯಲ್ಲಿ ಮೇಲಿನ ಗುಡಿಸು ಬಲಕ್ಕೆ ಓಡಿತು, ಕೆಳಗಿನ ತ ಒತ್ತು ಎಡಕ್ಕೆ ಓಡಿ ಸಕಾರದ ಅಡಿಗೆ ತೂರಿಕೊಂಡಿತು. ಎರಡು ಅಂತಸ್ತು ಎರಡು ದಿಕ್ಕಿಗೆ ಜಗ್ಗಿವೆ. ತಲೆಕಟ್ಟು ಮುಂದಿನ ಅಕ್ಷರಕ್ಕೆ ತಾಗುತ್ತದೆ. ಅದಕ್ಕೆ ನಿಮ್ಮ ಕಣ್ಣು ಸರಿಯಿಲ್ಲ ಅಂದದ್ದು.

ದಪ್ಪದ ಪೆಟ್ಟು ಇನ್ನೊಂದು ಕಡೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಇವುಗಳ ನಡುವೆ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು ಮಾತ್ರ. ದಪ್ಪ ಏರಿಸುತ್ತಾ ಹೋದರೆ ಆ ಸೀಳು ಮುಚ್ಚಿಕೊಳ್ಳುತ್ತದೆ. ಒಳಗೆ ಲೈಟ್ ಹಾಕಿದರೆ ಕೇಳುವುದೇ ಬೇಡ. ರಾಕ್‌ವೆಲ್‌ನಷ್ಟು ದಪ್ಪ ಕನ್ನಡಕ್ಕೆ ಬೇಕು ಅಂತ ಹಟ ಹಿಡಿಯಬೇಡಿ. ಕನ್ನಡದ ಅಕ್ಷರದಲ್ಲಿ ಸುರುಳಿ ಜಾಸ್ತಿ, ಸ್ವಲ್ಪ ಕಮ್ಮಿ ದಪ್ಪದಲ್ಲೇ ಅಷ್ಟೇ ಕಪ್ಪು ಕಾಣುತ್ತದೆ.

ಎರಡನ್ನೂ ಹೊಂದಿಸಲು ಓರೆಯೇ ಬೇಕಿಲ್ಲ. ಬಣ್ಣ ಒಂದೇ ಇಡಿ. ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದಾಗ ಎರಡೂ ಸಾಲಿನ ಕಪ್ಪು ಒಂದೇ ಸಮ ಇರಲಿ. ಗೆರೆಯ ತುದಿ ಚೌಕವಾಗಿ ಮುಗಿಯುವ ಕನ್ನಡ ಫಾಂಟ್ ಆರಿಸಿ. ಎಕ್ ಟೈಪ್‌ನವರ ಅನೇಕ್ ಕನ್ನಡದಲ್ಲಿ ದಪ್ಪ, ಅಗಲ ಎರಡನ್ನೂ ಬೇಕಾದಷ್ಟು ಹೆಚ್ಚು ಕಮ್ಮಿ ಮಾಡಬಹುದು. ರಾಕ್‌ವೆಲ್ ಸ್ವಲ್ಪ ಅಗಲವಾದ ಅಕ್ಷರ. ಅದಕ್ಕೆ ತಕ್ಕಂತೆ ಕನ್ನಡವನ್ನೂ ಅಗಲ ಮಾಡಿ ನೋಡಿ. ‘ಬಾಲೂ ತಮ್ಮ’ ಅನ್ನೋದೂ ಚೆಂದದ ಫಾಂಟ್, ಆದರೆ ಅದರ ತುದಿ ದುಂಡಗೆ, ಸ್ವಭಾವ ಬೇರೆ. ರಾಕ್‌ವೆಲ್ ಪಕ್ಕ ನಾನಂತೂ ಇಡಲ್ಲ.

ಮೊಳೆ_ಕಾಲದವ:

ಮೇಡಂ, ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಕನ್ನಡ ವಾಲಬಾರದು ಅಂತೇನೂ ಇಲ್ಲವಲ್ಲ. ನಮ್ಮ ಸಿನಿಮಾ ಪೋಸ್ಟರ್‌ಗಳಲ್ಲಿ, ಜಾತ್ರೆಯ ನಾಟಕದ ಬೋರ್ಡುಗಳಲ್ಲಿ ಕಲಾವಿದರು ಕನ್ನಡವನ್ನು ಎಷ್ಟು ಚೆನ್ನಾಗಿ ಓರೆಯಾಗಿ ಬರೆದಿದ್ದಾರೆ! ದಪ್ಪ ಅಕ್ಷರ, ಹಿಂದೆ ನೆರಳು, ಬಲಕ್ಕೆ ಏರಿದ ಸಾಲು. ಕನ್ನಡ ಅಚ್ಚಿಗೆ ಇಟಾಲಿಕ್ ಮೊಳೆಯ ಪರಂಪರೆ ಇಲ್ಲದಿರಬಹುದು. ಕೈಬರಹದ ಬೋರ್ಡಿಗೆ ಓರೆ ಚೆನ್ನಾಗಿ ಗೊತ್ತು.

ಅಕ್ಷರ_ಕೆತ್ತನೆ:

ರಾಯರೇ, ಅದನ್ನು ನಾನೂ ತುಂಬಾ ಪ್ರೀತಿಸ್ತೀನಿ. ಆದರೆ ಆ ಕಲಾವಿದರು ನೆಟ್ಟಗೆ ಬರೆದು ಆಮೇಲೆ ವಾಲಿಸಲಿಲ್ಲ ಅಲ್ವಾ? ಓರೆಯಲ್ಲೇ ಯೋಚಿಸಿ ಬರೆದರು. ಒತ್ತು ಎಡಕ್ಕೆ ಜಾರುತ್ತದೆ ಅನ್ನಿಸಿದರೆ ಅದನ್ನು ಬಲಕ್ಕೆ ತಂದು, ಅಕ್ಷರದ ಅಡಿಯಲ್ಲಿ ಕೂರಿಸಿದರು. ತಲೆಕಟ್ಟು ತಾಗುವ ಕಡೆ ಗಿಡ್ಡ ಮಾಡಿದರು. ಒಬ್ಬೊಬ್ಬರೂ ಒಂದೊಂದು ಪದಕ್ಕೆ ಆ ತೀರ್ಮಾನ ಮಾಡಿದ್ದಾರೆ. ಧಾರವಾಡದವರಿಗೆ ಅಂಥ ಕೈ ಸಿಕ್ಕರೆ ಕನ್ನಡ ಹೆಸರನ್ನು ಖಂಡಿತ ಬರೆಸಲಿ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕೋರಲ್‌ಡ್ರಾದ ಬಟನ್ ಒತ್ತಿ ವಾಲಿಸುವುದು ಬೇಡ ಅಂತಷ್ಟೇ ನನ್ನ ಮಾತು.

ಮೊಳೆ_ಕಾಲದವ:

ಹಾಗಾದರೆ ಒಪ್ಪಿದೆ.

ಕರಡು_ತಿದ್ದುವಾಕೆ:

ಪಾಂಪ್ಲೆಟ್ಟಿನ ಬಗ್ಗೆ ಒಂದೆರಡು ಮಾತು ಸೇರಿಸ್ತೀನಿ. ಎಲ್ಲವನ್ನೂ ಒತ್ತಿ ಹೇಳಿದರೆ ಯಾವುದನ್ನೂ ಒತ್ತಿ ಹೇಳಿದಂತಾಗುವುದಿಲ್ಲ ಅಂತ ಮಾಲೀಕರಿಗೆ ಕಾಗದದ ಮೇಲೆ ತೋರಿಸಿ. ಒಂದೇ ಪಾಂಪ್ಲೆಟ್ ಎರಡು ಥರ ಪ್ರಿಂಟ್ ತೆಗೆಯಿರಿ. ಒಂದರಲ್ಲಿ ಪೂರ್ತಿ ಬೋಲ್ಡ್ ಇಟಾಲಿಕ್, ಇನ್ನೊಂದರಲ್ಲಿ ‘ಹಳೇ ಸೈಕಲ್ ವಿನಿಮಯ’ ಅನ್ನೋ ವಿಷಯದ ಇಂಗ್ಲಿಷ್ ಸಾಲಿಗೆ ಮಾತ್ರ. ಅವರೇ ಎರಡನೆಯದನ್ನು ಕೈಗೆತ್ತಿಕೊಳ್ಳುತ್ತಾರೆ.

ಫೋನ್ ನಂಬರ್‌ಗೆ ದಯವಿಟ್ಟು ಇದನ್ನು ಹಾಕಬೇಡಿ. ಹತ್ತು ಅಂಕಿ ಓರೆಯಾಗಿ, ದಪ್ಪಗೆ, ಒತ್ತೊತ್ತಾಗಿ ಇದ್ದರೆ 3, 8, 6 ಒಂದೇ ಥರ ಕಾಣುತ್ತವೆ. ನಂಬರ್ ನೆಟ್ಟಗೆ ಇರಲಿ, ನಡುವೆ ಒಂದು ಸಂದು ಬಿಡಿ. ಬೆಲೆ ಪಟ್ಟಿಗೂ ಅಷ್ಟೆ. ಅಂಕಿ ಕಂಬದಲ್ಲಿ ಒಂದರ ಕೆಳಗೊಂದು ಕೂರಬೇಕು, ವಾಲಿದ ಅಂಕಿಯ ಕಂಬವೇ ಸೊಟ್ಟ ಕಾಣುತ್ತದೆ.

ಡೆನ್ವರ್_ಕನ್ನಡಿಗ:

ಬೋರ್ಡಿಗೆ ಓರೆ ಬೇಡ ಅಂದವನು ನಾನು. ಕನ್ನಡ ನೆಟ್ಟಗೆ ಮೇಲೆ, ಅದರ ಕೆಳಗೆ ಚಿಕ್ಕದಾಗಿ ಇಂಗ್ಲಿಷ್ ಓರೆ ಅನ್ನೋ ಜೋಡಣೆಯನ್ನು ಕಲ್ಪಿಸಿಕೊಂಡು ನೋಡಿದೆ. ಹಾಗಾದರೆ ಒಪ್ಪುತ್ತದೆ ಅನ್ನಿಸುತ್ತಿದೆ. ಗಟ್ಟಿಯಾಗಿ ನಿಲ್ಲುವ ಕೆಲಸವನ್ನು ಕನ್ನಡ ಮಾಡುತ್ತದೆ. ಇಂಗ್ಲಿಷ್ ಮಾತ್ರ ಓಡಲಿ. ಎರಡೂ ಓಡಿದರೆ ಬೋರ್ಡೇ ಜಾರಿದ ಹಾಗೆ ಕಾಣುತ್ತಿತ್ತು.

ಧಾರವಾಡ_ಡಿಸೈನ್:

ಮಾಲೀಕರ ಹತ್ತಿರ ಕೂತು ಮಾತಾಡಿದೆ. ಕನ್ನಡ ಹೆಸರು ಅನೇಕ್ ಕನ್ನಡದಲ್ಲಿ, ನೆಟ್ಟಗೆ, ಅಗಲ ಮಾಡಿ. ದಪ್ಪವನ್ನು ಮೇಡಂ ಹೇಳಿದಂತೆ ಒಂದು ಹಂತ ಇಳಿಸಿದ್ದೇನೆ, ‘ಬಿಡಿಭಾಗ’ದ ಭಕಾರದ ಸೀಳು ಈಗ ಸ್ಪಷ್ಟವಾಗಿದೆ. ಕೆಳಗೆ ರಾಕ್‌ವೆಲ್ ಬೋಲ್ಡ್ ಇಟಾಲಿಕ್, ಎರಡೇ ಪದ, ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದ್ದು. ಲೇಸರ್ ಕಟಿಂಗಿಗೆ ಕೊಟ್ಟಾಯಿತು. ಪಾಂಪ್ಲೆಟ್ ಎರಡು ಥರ ತೋರಿಸಿದಾಗ ಅವರು ಮಾತಾಡದೆ ಎರಡನೆಯದನ್ನೇ ಎತ್ತಿಕೊಂಡರು. ಅಕ್ಕಾ, ನೀವು ಹೇಳಿದ್ದು ಹಂಗೇ ಆತು.

ಟಿ-ಶರ್ಟ್ ಒಂದು ಬಾಕಿ. ಬೆನ್ನ ಮೇಲೆ ದೊಡ್ಡದಾಗಿ ಅದೇ ಇಂಗ್ಲಿಷ್ ಹೆಸರು. ಎದೆಯ ಮೇಲೆ ಜೇಬಿನ ಜಾಗದಲ್ಲಿ ಸಣ್ಣದಾಗಿ. ಸ್ಕ್ರೀನ್ ಪ್ರಿಂಟ್. ಎರಡಕ್ಕೂ ಒಂದೇ ಫೈಲ್ ಕೊಡಬಹುದಾ?

ಬೋರ್ಡ್_ಕೆಲಸ:

ಬೇಡ. ಬೆನ್ನಿಗೆ ಈಗಿರುವ ಫೈಲ್ ಸಾಕು, ಬಟ್ಟೆಯ ಮೇಲೆ ದಪ್ಪ ಸ್ಲ್ಯಾಬ್ ಗಟ್ಟಿಯಾಗಿ ಕೂರುತ್ತದೆ, ಒಗೆದರೂ ತುದಿ ಬೇಗ ಕಿತ್ತುಬರುವುದಿಲ್ಲ. ಎದೆಯ ಮೇಲಿನ ಸಣ್ಣದಕ್ಕೆ ಬೇರೆ ಫೈಲ್ ಮಾಡಿ. ಶಾಯಿ ಬಟ್ಟೆಯಲ್ಲಿ ಸ್ವಲ್ಪ ಹರಡುತ್ತದೆ, ಕಿರಿದಾದ ಮೂಲೆಗಳೆಲ್ಲ ತುಂಬಿಹೋಗುತ್ತವೆ. ಅಲ್ಲಿ ಬೋಲ್ಡ್ ಬಿಟ್ಟು ರಾಕ್‌ವೆಲ್‌ನ ಸಾಧಾರಣ ಇಟಾಲಿಕ್ ಹಾಕಿ, ಜಾಗ ಇನ್ನೂ ಸ್ವಲ್ಪ ಸಡಿಲ ಮಾಡಿ. ಶಾಯಿ ಹರಡಿದ ಮೇಲೆ ಅದೇ ಬೋಲ್ಡ್ ಥರ ಕಾಣುತ್ತದೆ. ಎಲ್ಲಾ ಟಿ-ಶರ್ಟ್ ಹಾಕಿಸುವ ಮುಂಚೆ ಅದೇ ಬಟ್ಟೆಯ ಒಂದು ತುಂಡಿನ ಮೇಲೆ ಒಂದು ಪ್ರಿಂಟ್ ತೆಗೆಸಿ, ಒಣಗಿದ ಮೇಲೆ ನೋಡಿ.